ಕಂಟ್ರೋಲರ್ ಆರಿಸಿದ ಲ್ಯಾಪ್‌ಟಾಪು

ಹಗಲೆಲ್ಲ ಸೊಸೆಯ ಕೆಲಸದ ಮೇಜಿನ ಮೇಲಿದ್ದು ರಾತ್ರಿ ನಮ್ಮ ಮನೆಯ ಪಡಸಾಲೆಗೆ ಬರುವ ಒಂದು ಲ್ಯಾಪ್‌ಟಾಪು ಇದೆ. ಬೂದು ಬಣ್ಣ, ತೆಳ್ಳಗಿನ ಮೈ, ಮುಚ್ಚಿಟ್ಟರೆ ಶಾಲೆಯ ಸ್ಲೇಟಿಗಿಂತ ಸ್ವಲ್ಪ ದಪ್ಪ. ಬೆಳಿಗ್ಗೆ ಒಮ್ಮೆ ಕರೆಂಟು ಕುಡಿಸಿದರೆ ಸಂಜೆಯವರೆಗೆ ಬಾಯಾರಿಕೆ ಎನ್ನುವುದಿಲ್ಲ. ಅದನ್ನು ಆರಿಸಿ ತಂದವನು ನಾನೇ. ನೆಂಟರು ಯಾರಾದರೂ ಬಂದು, ಈ ವಯಸ್ಸಿನಲ್ಲೂ ಒಳ್ಳೆಯ ಮಾಲು ಆರಿಸಿದ್ದೀರಿ ಎಂದು ಹೊಗಳಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಹೊಗಳಿಕೆಗೆ ನಾಚುವ ಸ್ವಭಾವ ನನ್ನದಲ್ಲ. ತರಕಾರಿ, ಛತ್ರಿ, ಅಳಿಯ, ಏನನ್ನು ಆರಿಸಿ ತಂದರೂ ಹೊಗಳಿಸಿಕೊಂಡು ಅಭ್ಯಾಸವಾದವನು ನಾನು. ಇದು ಬೇರೆ ಬಗೆಯ ನಾಚಿಕೆ. ಹೇಳಿಕೊಂಡರೆ ಕಡಿಮೆಯಾಗುತ್ತದೋ ಹೆಚ್ಚಾಗುತ್ತದೋ ತಿಳಿಯದು. ನೋಡೋಣ.

ಬ್ಯಾಟರಿ ಎಂದರೆ ನನ್ನ ಕಾಲದವರಿಗೆ ಟಾರ್ಚಿನ ಸೆಲ್ಲು. ನಮ್ಮ ತಂದೆ ಅರಿಶಿನದ ಹೊಲಕ್ಕೆ ನೀರು ಕಟ್ಟಲು ಹೋಗುವಾಗ ಹಿಡಿಯುತ್ತಿದ್ದ ಟಾರ್ಚು ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲೇ ಇರುತ್ತಿತ್ತು. ಸೆಲ್ಲು ಸೋತಿತೆಂದರೆ ಎಸೆಯುವ ಪದ್ಧತಿ ಇರಲಿಲ್ಲ. ಅಮ್ಮ ಹಪ್ಪಳ ಒಣಹಾಕಿದ ಚಾಪೆಯ ಅಂಚಿನಲ್ಲಿ ಸೆಲ್ಲುಗಳನ್ನೂ ಸಾಲಾಗಿ ಮಲಗಿಸುತ್ತಿದ್ದರು. ಕಾಗೆ ಕಾಯುವ ಕೆಲಸ ನನ್ನದು. ಯಾವ ಕಾಗೆಯೂ ಸೆಲ್ಲಿನ ತಂಟೆಗೆ ಬರಲಿಲ್ಲವೆಂಬುದು ಬೇರೆ ಮಾತು. ಬಿಸಿಲು ಕುಡಿದ ಸೆಲ್ಲು ಮತ್ತೆ ಒಂದೆರಡು ದಿನ ಮಿಣುಕುತ್ತಿತ್ತು. ಒಮ್ಮೆ ನಾನೂ ನನ್ನ ತಂಗಿಯೂ ಆ ಟಾರ್ಚನ್ನು ಕದ್ದು ಕಂಬಳಿಯೊಳಗೆ ಹೊಕ್ಕು, ಅಂಗೈ ಅಡ್ಡ ಹಿಡಿದು, ಬೆರಳಿನ ರಕ್ತ ಕೆಂಪಗೆ ಕಾಣುವ ಆಟ ಆಡಿದ್ದೆವು. ತಂದೆ ಹೊಡೆಯಲಿಲ್ಲ. ಟಾರ್ಚು ಕಿತ್ತುಕೊಂಡು, "ಬೆಳಕು ಕೆಲ್ಸಕ್ಕೆ ಕಣ್ಲಾ, ಆಟಕ್ಕಲ್ಲ," ಎಂದರು. ಹೊಡೆದಿದ್ದರೆ ಮರೆಯುತ್ತಿದ್ದೆ.

ಆಮೇಲೆ ನಾನು ಮಠದ ಹಾಸ್ಟೆಲಿಗೆ ಸೇರಿದೆ. ಅಲ್ಲಿ ಎಲ್ಲಕ್ಕೂ ಗಂಟೆ. ಏಳುವುದಕ್ಕೆ ಗಂಟೆ, ತಣ್ಣೀರು ಸುರಿದುಕೊಳ್ಳುವುದಕ್ಕೆ ಗಂಟೆ, ವಿಭೂತಿ ಹಚ್ಚಿ ಲಿಂಗಪೂಜೆಗೆ ಕೂರುವುದಕ್ಕೆ, ಪ್ರಸಾದದ ಪಂಕ್ತಿಗೆ, ಓದಿಗೆ, ದೀಪ ಆರಿಸುವುದಕ್ಕೆ. ಆಟಕ್ಕೂ ಒಂದು ಗಂಟೆ ಇತ್ತು, ಆದರೆ ಆ ಹೊತ್ತಿಗೆ ಸರಿಯಾಗಿ ತೋಟಕ್ಕೆ ನೀರು ಹೊರುವ ಕೆಲಸ ಬರುತ್ತಿತ್ತು. ಕೆಲವು ಹುಡುಗರು ಆ ಗಂಟೆಗಳನ್ನು ಶಪಿಸುತ್ತಿದ್ದರು. ನನಗೆ ಮಾತ್ರ ಅವು ಹಿಡಿಸಿಬಿಟ್ಟವು. ಮುಂದಿನದು ಏನೆಂದು ಮೊದಲೇ ಗೊತ್ತಿರುವಷ್ಟು ಸುಖ ಬೇರೆ ಇಲ್ಲವೆಂದು ಆ ವಯಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಹೀಗಿದ್ದವನಿಗೆ ದೇವರು ಕೊಟ್ಟ ನೌಕರಿಯೂ ತಕ್ಕದ್ದೇ. ನಾನು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಜನ ಕರೆಯುವುದು ಕಂಟ್ರೋಲರ್ ಎಂದು. ಬಂದ ಬಸ್ಸಿನ ಹೊತ್ತು ಬರೆದುಕೊಳ್ಳುವುದು, ಹೊರಡುವ ಬಸ್ಸಿನ ಹೊತ್ತು ಕೂಗಿ ಹೇಳುವುದು, ತಡವಾದರೆ ಗದರುವುದು. ಊಟಿಗೆ ಹೋಗುವ ಹೊಸ ಜೋಡಿಗಳು, ಕೇರಳದ ಬತ್ತೇರಿಗೆ ತರಕಾರಿ ಸಾಗಿಸುವ ಮಲಯಾಳಿಗಳು, ಗೋಪಾಲಸ್ವಾಮಿ ಬೆಟ್ಟದ ಮಂಜು ನೋಡಲು ಬೆಳಿಗ್ಗೆಯೇ ಬಂದು ನಡುಗುವ ಮೈಸೂರಿನವರು, ಎಲ್ಲರನ್ನೂ ಕಳಿಸಿಕೊಟ್ಟೆ. ನಾನು ಮಾತ್ರ ನಿಂತಲ್ಲೇ ನಿಂತಿದ್ದೆ. ಒಂದು ಗುಟ್ಟು ಹೇಳುತ್ತೇನೆ. ನನಗೆ ಡ್ರೈವರ್ ಆಗಬೇಕೆಂಬ ಆಸೆಯಿತ್ತು. ಕಣ್ಣಿನ ಪರೀಕ್ಷೆಯಲ್ಲಿ ಕೆಳಗಿನ ಸಾಲಿನ ಅಕ್ಷರಗಳು ನನಗೆ ಇರುವೆಗಳಂತೆ ಕಂಡವು. ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಡ್ರೈವರುಗಳ ಮೇಲೆ ನಾನು ತೋರಿಸಿದ ಬಿಗುವಿನಲ್ಲಿ ಆ ಇರುವೆಗಳ ಕಡಿತವೂ ಸ್ವಲ್ಪ ಸೇರಿದ್ದಿರಬೇಕು.

ನಿವೃತ್ತನಾದ ಮೇಲೆ ನಿಲ್ದಾಣ ಬಿಟ್ಟೆನೇ ಹೊರತು ನಿಯಂತ್ರಣ ಬಿಡಲಿಲ್ಲ. ಮನೆಯಲ್ಲಿ ತಿಂಡಿಗೆ ಹೊತ್ತು, ಊಟಕ್ಕೆ ಹೊತ್ತು, ಚಪ್ಪಲಿಗೆ ಜಾಗ. ನನ್ನ ಹೆಂಡತಿ ಗೌರಮ್ಮ, ಈ ಮನೇಲಿ ಬೆಕ್ಕು ಕೂಡ ಟೈಮ್ ನೋಡ್ಕೊಂಡು ಬತ್ತದೆ ಎಂದು ನೆಂಟರ ಮುಂದೆ ಆಡಿಕೊಳ್ಳುತ್ತಾಳೆ. ಮಗ ನಂಜುಂಡ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗಿಬರುತ್ತಾನೆ. ಅವನು ರಜೆಯ ದಿನ ಫೋನು ಹಿಡಿದು ಕೂತರೆ ಸಾಕು, ಆಟ ಆಡುವವರಿಗೆ ಅನ್ನ ಇಲ್ಲ ಎಂದು ಶುರು ಮಾಡುತ್ತಿದ್ದೆ. ನನ್ನದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಮಾತಾಡಬಹುದು, ಇಡಬಹುದು. ಅಷ್ಟು ಸಾಕು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಇನ್ನು ಮಂಗಳ. ನಂಜುಂಡನ ಹೆಂಡತಿ. ಮಾತು ಕಡಿಮೆ, ಕೈ ಚುರುಕು. ಗುಂಡ್ಲುಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಪತ್ರ ಬರೆಯುವ ಹಿರಿಯರೊಬ್ಬರ ಕೈಕೆಳಗೆ ಟೈಪು ಮಾಡುತ್ತ ಕೆಲಸ ಕಲಿತವಳು. ಕ್ರಯಪತ್ರ, ವಿಭಾಗಪತ್ರ ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಜಮೀನಿನ ನಾಲ್ಕೂ ದಿಕ್ಕಿನ ಗಡಿ ಬರೆಯುವ ಚಕ್ಕುಬಂದಿಯಲ್ಲಿ ಅವಳು ತಪ್ಪಿದ್ದನ್ನು ಯಾರೂ ಕಂಡಿಲ್ಲವಂತೆ.

ಒಂದು ದಿನ ಅವಳು ರೊಟ್ಟಿ ತಟ್ಟಲು ಕೂರುವ ಮೊದಲು ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, ನಂಜುಂಡನ ಕರೆ ಬಂದರೆ ಹೇಳಿ ಎಂದಳು. ಕರೆ ಬರಲಿಲ್ಲ. ಬಂದದ್ದು ಒಂದು ಜಾಹೀರಾತು. ಅದರಲ್ಲಿ ಒಂದು ಬಸ್ಸು ಘಾಟಿ ಹತ್ತುತ್ತಿತ್ತು. ನಿಲ್ಲಿಸಲೆಂದು ಬೆರಳಿಟ್ಟೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಿಲ್ಲಿಸಲೆಂದೇ ಇಟ್ಟೆ. ಎಲ್ಲೆಲ್ಲಿ ಒತ್ತಿದೆನೋ, ಸ್ವಲ್ಪ ಹೊತ್ತಿಗೆ ಸ್ಟೇರಿಂಗು ನನ್ನ ಹೆಬ್ಬೆರಳಿನ ಕೆಳಗೆ ಇತ್ತು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ, ಮುಂದೆ ಮಂಜು. ಪ್ರಯಾಣಿಕರು ಕೂಡ ಇದ್ದರು, ಒಬ್ಬರೂ ಚಿಲ್ಲರೆಗೆ ಜಗಳ ತೆಗೆಯಲಿಲ್ಲ.

ಅಂದಿನಿಂದ ಮಂಗಳ ರೊಟ್ಟಿ ತಟ್ಟುವ ಹೊತ್ತು ನನ್ನ ಡ್ಯೂಟಿಯ ಹೊತ್ತಾಯಿತು. ಆಟ ನನಗೆ ಕೈಹತ್ತಲಿಲ್ಲ. ಪ್ರಯಾಣಿಕರೆಲ್ಲ ಕೂತ ಮೇಲೆಯೇ ಹೊರಡುತ್ತಿದ್ದೆ, ಎದುರಿನ ಲಾರಿಗೆ ದಾರಿ ಬಿಡುತ್ತಿದ್ದೆ, ತಿರುವಿಗೆ ಮುಂಚೆ ಹಾರ್ನು ಹೊಡೆಯುತ್ತಿದ್ದೆ. ಕೊನೆಗೆ ಪರದೆಯ ಮೇಲೆ, ನೀವು ತಡವಾಗಿ ಬಂದಿರಿ ಎಂಬರ್ಥದ ಕೆಂಪಕ್ಷರ. ಜೀವಮಾನವೆಲ್ಲ ಆ ಮಾತನ್ನು ಇನ್ನೊಬ್ಬರಿಗೆ ಹೇಳಿದವನು ನಾನು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ನಮ್ಮ ಕಡೆ ಯಾವ ಡ್ರೈವರನೂ ಸೀಟಿಗೆ ಕೂತೊಡನೆ ಗಾಡಿ ತೆಗೆಯುವುದಿಲ್ಲ. ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಕೀಲಿ ತಿರುಗಿಸುತ್ತಾನೆ. ದಿನವೂ ನೋಡಿದ್ದ ನಾನು ಅದನ್ನು ಬಿಟ್ಟು ಹೊರಡುವುದು ಹೇಗೆ? ಪರದೆಯ ಮೇಲಿನ ಸ್ಟೇರಿಂಗನ್ನು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಮುಟ್ಟಿದ ಕ್ಷಣವೇ ಬಸ್ಸು ಅತ್ತ ತಿರುಗಿ, ನಾನು ಕಣ್ಣು ಮುಚ್ಚಿರುವಾಗಲೇ ಪೆಟ್ರೋಲ್ ಬಂಕಿನ ಗೋಡೆಗೆ ಗುದ್ದುತ್ತಿತ್ತು. ಆದರೂ ನಮಸ್ಕಾರ ಬಿಡಲಿಲ್ಲ. ಗುದ್ದಿದ ಮೇಲೆ ಮತ್ತೆ ಮೊದಲಿನಿಂದ ಹೊರಡುತ್ತಿದ್ದೆ, ಅಷ್ಟೆ.

ಆಟ ಮುಗಿದ ಮೇಲೆ ಫೋನನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಇದ್ದ ಜಾಗದಲ್ಲೇ ಇಡುತ್ತಿದ್ದೆ. ಗುರುತು ಸಿಗದಂತೆ ಮಾಡಿದೆನೆಂದು ನನ್ನ ನಂಬಿಕೆ. ಬ್ಯಾಟರಿ ಮಾತ್ರ ನನ್ನ ಮಾತು ಕೇಳಲಿಲ್ಲ. ಮಂಗಳ ಕೆಲಸಕ್ಕೆ ಹೊರಡುವ ಹೊತ್ತಿಗೆ ಅದು ಅರ್ಧಕ್ಕಿಳಿದಿರುತ್ತಿತ್ತು. ಅವಳೊಮ್ಮೆ, ಯಾಕೋ ಚಾರ್ಜೇ ನಿಲ್ಲುತ್ತಿಲ್ಲ ಎಂದಾಗ ನಾನು ಕನ್ನಡಕ ಏರಿಸಿ, ಈಗಿನ ಮಾಲೇ ಹೀಗೆ, ಬ್ಯಾಟರಿ ಸೋತಿದೆ, ಬದಲಾಯಿಸಿಬಿಡು ಎಂದು ಸಲಹೆ ಕೊಟ್ಟೆ. ಅವಳು ಹೂಂ ಎಂದಳು. ಆ ಹೂಂನಲ್ಲಿ ಏನೋ ಇತ್ತು. ನಾನು ಗಮನಿಸಲಿಲ್ಲ.

ಹೀಗಿರುವಾಗ ಮಂಗಳನಿಗೆ ಪತ್ರ ಬರೆಯುವ ಪರವಾನಗಿ ಬಂತು. ಸ್ವಂತ ಮೇಜು ಹಾಕಲು ಕಚೇರಿಯ ಎದುರಿಗೆ ಒಂದು ಸಣ್ಣ ಮಳಿಗೆಯೂ ಸಿಕ್ಕಿತು. ಬೇಕಾದದ್ದು ಲ್ಯಾಪ್‌ಟಾಪು. ಅದೂ ಬ್ಯಾಟರಿ ಗಟ್ಟಿ ಇರುವಂಥದ್ದು. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಪತ್ರ ಮಾಡಿಸಲು ಬರುವವರೋ ಹಳ್ಳಿಯಿಂದ ಸಾಕ್ಷಿಗಳನ್ನೂ ಅಣ್ಣತಮ್ಮಂದಿರನ್ನೂ ಜೀಪಿನಲ್ಲಿ ತುಂಬಿಕೊಂಡು, ರಾಹುಕಾಲ ನೋಡಿಕೊಂಡು ಬಂದಿರುತ್ತಾರೆ. ಅರ್ಧ ಟೈಪಾದಾಗ ಕರೆಂಟು ಹೋಗಿ, ಅದು ಬರುವಷ್ಟರಲ್ಲಿ ರಾಹು ಬಂದರೆ, ಒಪ್ಪಿದ್ದ ತಮ್ಮನೇ ಮನಸ್ಸು ಬದಲಾಯಿಸಿ ಎದ್ದು ಹೋಗಿಬಿಡುತ್ತಾನೆ. ಅಂಥದ್ದು ಆಗಿದೆ.

ನಂಜುಂಡನಿಗೆ ಪಾಳಿ. ಆರಿಸುವುದರಲ್ಲಿ ಹೆಸರಾದವನು ನಾನು. ನೀವೂ ಬನ್ನಿ ಮಾವ ಎಂದು ಮಂಗಳನೇ ಕರೆದಳು. ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆವು. ಜೋಡಿ ರಸ್ತೆಯ ಅಂಗಡಿಯೊಂದನ್ನು ನಂಜುಂಡ ಹೇಳಿದ್ದ.

ಅಂಗಡಿಯವರು ಸಾವಧಾನದ ಮನುಷ್ಯ. ಏನು ಕೆಲಸಕ್ಕೆಂದು ಮೊದಲು ಕೇಳಿದರು, ಆಮೇಲೆ ತೋರಿಸಿದರು. ಮೊದಲನೆಯದು ಕಪ್ಪಗೆ ದಪ್ಪಗೆ, ಕೀಲಿಗಳಲ್ಲಿ ಕೆಂಪು ದೀಪ. ದೊಡ್ಡ ಆಟಗಳಿಗೆ ಆಗುವಂಥದ್ದು, ಚಿತ್ರ ಮೂಡಿಸಲೆಂದೇ ಒಳಗೆ ಬೇರೆ ಕಾರ್ಡು ಇದೆ, ಆದರೆ ಅದು ಕರೆಂಟು ಕುಡಿಯುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ ಎಂದರು. ಅದರ ಚಾರ್ಜರು ಇಟ್ಟಿಗೆಯಷ್ಟಿತ್ತು. ಎರಡನೆಯದು ಬೂದು ಬಣ್ಣದ ತೆಳ್ಳನೆಯದು. ಟೈಪು, ಪ್ರಿಂಟು, ಇಂಟರ್ನೆಟ್ಟು, ಅಷ್ಟಕ್ಕೆ ಸಾಕು, ಬ್ಯಾಟರಿ ದಿನಪೂರ್ತಿ. ಮೂರನೆಯದು ಇವೆರಡರ ನಡುವಿನದು. ಬೇರೆ ಕಾರ್ಡಿಲ್ಲ, ಆದರೆ ಒಳಗಿನ ಚಿಪ್ಪು ಹೊಸದು, ಮೆಮೊರಿ ಹೆಚ್ಚು. ಕೆಲಸಕ್ಕೂ ಆಯಿತು, ಸಣ್ಣ ಆಟಕ್ಕೂ ಆಯಿತು, ಬ್ಯಾಟರಿಯೂ ಸಂಜೆವರೆಗೆ ಬರುತ್ತದೆ. ಕಂಪನಿಯವರು ಬರೆದ ಹೊತ್ತನ್ನು ಪೂರ್ತಿ ನಂಬಬೇಡಿ, ಪರದೆಯ ಬೆಳಕು ಹೆಚ್ಚಿಟ್ಟರೆ ಮೂರನೇ ಒಂದು ಪಾಲು ಕಳೆದುಕೊಳ್ಳಿ ಎಂದು ಅವರೇ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಅಷ್ಟರಲ್ಲಿ ಮಂಗಳ ಮೂರನೆಯದನ್ನು ಮುಟ್ಟಿ ನೋಡಿ, ನನ್ನ ಕಡೆ ನೋಡದೆ ಹೇಳಿದಳು:

"ಇದಾದ್ರೆ ಒಳ್ಳೇದು. ಸಣ್ಣಪುಟ್ಟ ಗೇಮೂ ಓಡಂಗಿರ್ಬೇಕು. ಆಡುದ್ರೂ ಬ್ಯಾಟ್ರಿ ನಿಲ್ಬೇಕು."

ನಾನು ಕಪ್ಪು ಯಂತ್ರದ ಬೆಲೆಚೀಟಿ ಓದುವವನಂತೆ ಅತ್ತ ತಿರುಗಿದೆ. ಆಟ ಎಂಬ ಮಾತು ಕೇಳಿದರೇ ಮುಖ ತಿರುಗಿಸುವ ಸ್ಥಿತಿಗೆ ಬಂದಿದ್ದೆ. ಆ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಯಾರೋ ನಕ್ಕರು. ತಿರುಗಿದರೆ ಸಿದ್ದರಾಜು. ಊಟಿ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರು. ತಡವಾಗಿ ಬಂದು ನನ್ನಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು. ಫೋನು ರಿಪೇರಿಗೆ ಬಂದಿದ್ದನಂತೆ.

"ಏನ್ ಕಂಟ್ರೋಲರಣ್ಣ, ಸೊಸೆಗೆ ಆಟದ ಸಾಮಾನ್ ಕೊಡ್ಸಕ್ಕೆ ಬಂದ್ರಾ?"

ತಮಾಷೆಯ ಮಾತು. ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ನಗಲಿಲ್ಲ. ನಿಲ್ದಾಣದ ದನಿಯಲ್ಲಿ, ಅಂಗಡಿಯವರಿಗೂ ಅಲ್ಲಿದ್ದ ಬೇರೆ ಗಿರಾಕಿಗಳಿಗೂ ಕೇಳುವಂತೆ, ಹೀಗೆಂದೆ:

"ನಮ್ಮನೇಲಿ ಆಟಕ್ಕೆ ಜಾಗ ಇಲ್ಲ ಕಣಪ್ಪ. ಇವ್ಳಿಗೆ ಈ ಚಟ ಇದೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು."

ಈ ಮಾತನ್ನು ಬರೆಯುವಾಗಲೂ ಬೆರಳು ಹಿಂದೆಗೆಯುತ್ತದೆ. ಮಂಗಳ ಆ ಮೂರನೆಯದರ ಮೇಲಿಂದ ಕೈ ತೆಗೆದಳು. ಬೇಡ ಬುಡಿ ಮಾವ, ನೀವು ಹೇಳಿದ್ದೇ ಇರಲಿ ಎಂದಳು. ನಾನು ಬೂದು ಬಣ್ಣದ್ದನ್ನು ತೋರಿಸಿ, ಇದನ್ನು ಕಟ್ಟಿ ಎಂದೆ. ಅಂಗಡಿಯವರು ನನ್ನನ್ನೂ ಅವಳನ್ನೂ ಒಮ್ಮೆ ನೋಡಿ ಸುಮ್ಮನೆ ಕಟ್ಟಿದರು.

ವಾಪಸು ಬಸ್ಸಿನಲ್ಲಿ ಸಿದ್ದರಾಜುವೂ ಇದ್ದ, ಹಿಂದಿನ ಸೀಟಿನಲ್ಲಿ. ಮಂಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ನನಗೆ ಒಳಗೊಳಗೇ ಒಂದು ನೆಮ್ಮದಿ. ಮನೆಯಲ್ಲಿ ಆಟದ ಚಟ ನನ್ನೊಬ್ಬನಿಗೇ ಇಲ್ಲವಲ್ಲ ಎಂಬ ನೆಮ್ಮದಿ. ಇಂಥ ನೆಮ್ಮದಿಗೆ ಏನು ಹೆಸರೋ ನನಗೆ ತಿಳಿಯದು. ಒಳ್ಳೆಯ ಹೆಸರಂತೂ ಇರಲಾರದು.

ಲ್ಯಾಪ್‌ಟಾಪಿಗೆ ಪೂಜೆಯಾಯಿತು. ಗೌರಮ್ಮ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು. ಗಾಳಿಯ ಕಿಂಡಿಗೆ ಧೂಳು ಹೋಗಬಾರದು ಎಂದರೆ ವಿಭೂತಿ ಧೂಳಲ್ಲ ಎಂದಳು. ಸೋಮವಾರ ಮಂಗಳ ಮೇಜು ಹಾಕಿದಳು. ಮೊದಲ ದಿನಗಳಲ್ಲೇ ಕರೆಂಟು ಹೋಯಿತು. ಅಕ್ಕಪಕ್ಕದ ಮೇಜುಗಳಲ್ಲಿ ಕೆಲಸ ನಿಂತರೂ ಇವಳ ಟೈಪು ನಿಲ್ಲಲಿಲ್ಲ. ಅದನ್ನು ನಾನು ನಾಲ್ಕು ಜನರಿಗೆ ಹೇಳಿಕೊಂಡು ಬಂದೆ, ನಾನು ಆರಿಸಿದ್ದು ಎಂಬುದನ್ನೂ ಸೇರಿಸಿ. ಇತ್ತ ಅವಳು ರೊಟ್ಟಿ ತಟ್ಟುವ ಹೊತ್ತಿನಲ್ಲಿ ಫೋನು ಎಂದಿನಂತೆ ಪಡಸಾಲೆಯಲ್ಲೇ ಇರುತ್ತಿತ್ತು. ನಾನೂ ಎಂದಿನಂತೆ ಊಟಿಗೆ ಹೋಗಿಬರುತ್ತಿದ್ದೆ.

ಸಂಜೆ ನಾನು ನಿಲ್ದಾಣದ ಪಕ್ಕದ ಟೀ ಹೋಟೆಲಿಗೆ ಹೋಗುವುದುಂಟು. ಹಳೆಯ ಡ್ರೈವರು ಕಂಡಕ್ಟರುಗಳು ಅಲ್ಲಿ ಸೇರುತ್ತಾರೆ. ಒಂದು ಸಂಜೆ ನನಗೆ ಬೆನ್ನು ಮಾಡಿ ಕೂತಿದ್ದ ಇಬ್ಬರು ರೈತರು ಜಮೀನಿನ ಮಾತಾಡುತ್ತಿದ್ದರು. ಪತ್ರ ಯಾರ ಹತ್ತಿರ ಎಂದು ಒಬ್ಬ ಕೇಳಿದ. ಇನ್ನೊಬ್ಬ ಹೇಳಿದ ಮಾತು ಹೀಗಿತ್ತು:

"ಆ ಕಂಟ್ರೋಲರ್ ಸೊಸೆ ತಾವ ಬರ್ಸಾನ ಅಂತಿದ್ದೆ. ಕಂಪ್ಯೂಟ್ರಲ್ಲಿ ಆಟ ಆಡೋ ಚಟ ಅದಂತೆ ಕಣ ಅವ್ಳಿಗೆ. ಸ್ವಂತ ಮಾವ್ನೇ ಅಂಗಡೀಲಿ ಬೈದ್ನಂತೆ. ಚಕ್ಕುಬಂದಿ ಎಚ್ಚುಕಮ್ಮಿ ಮಾಡ್ಬುಟ್ರೆ ಯಾರ್ಲಾ ಓಡಾಡೋದು? ಬ್ಯಾರೆಯವ್ರ ತಾವ ಓಗಿವ್ನಿ."

ನಿಲ್ದಾಣದಲ್ಲಿ ಮಾತು ಬಸ್ಸಿಗಿಂತ ಬೇಗ ಊರು ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಗ್ಲಾಸು ಕೆಳಗಿಟ್ಟು ಎದ್ದು ಬಂದೆ. ಆಗಲೂ ನನಗೆ ಬಂದದ್ದು ಸಿಟ್ಟು. ಯಾರ ಮೇಲೆಂದು ಕೇಳಿ, ಮಂಗಳನ ಮೇಲೆ. ಹೊಸ ಮೇಜು, ಜನರ ನಂಬಿಕೆಯ ಮೇಲೆ ನಿಲ್ಲಬೇಕಾದ ಕೆಲಸ. ಆ ದಿನ ಅವಳು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ? ಮನೆಗೆ ಬಂದವನೇ ಗೌರಮ್ಮನ ಮುಂದೆ ಇದನ್ನೆಲ್ಲ ಒದರಿದೆ. ಮಂಗಳ ಇನ್ನೂ ಬಂದಿರಲಿಲ್ಲ.

ಗೌರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

"ಅವ್ಳು ಕೇಳಿದ್ದು ಅವ್ಳಿಗಲ್ಲ ಕಣ್ರೀ. ನಿಮ್ಗೆ."

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಅವಳು ಮುಂದುವರಿಸಿದಳು:

"ನೀವು ಫೋನಿಗೆ ಕೈ ಮುಗಿಯೋದ ಒಂದಿನ ನೋಡ್ಬುಟ್ಟು, ಮಾವನಿಗೆ ಏನೋ ಆಗದೆ ಕಣತ್ತೆ ಅಂತ ಎದ್ರುಕೊಂಡು ನನ್ತಾವ ಬಂದ್ಲು. ಬಾಗ್ಲ ಮರೇಲಿ ಇಬ್ರೂ ನಿಂತ್ಕೊಂಡು ನೋಡುದ್ವಿ. ಬಸ್ಸು ಅಂತ ಗೊತ್ತಾದ್ಮೇಲೆ ಅವ್ಳು ನಗಲಿಲ್ಲ. ಕಣ್ಣು ಕಿವುಚ್ಕೊಂಡು ಓಡಿಸ್ತಾರೆ ಪಾಪ, ದೊಡ್ಡ ಪರದೇಲಿ ಓಡಿಸ್ಲಿ ಅಂತ ಮನ್ಸಲ್ಲಿ ಇಟ್ಕೊಂಡಿದ್ಲು."

ಇನ್ನೊಂದು ಹಿಡಿ ಅವರೆಕಾಯಿ ಎಳೆದುಕೊಂಡು ಅವಳು ಉಳಿದದ್ದನ್ನೂ ಹೇಳಿದಳು. ಮಂಗಳ ದಿನಾ ರೊಟ್ಟಿ ತಟ್ಟುವ ಮೊದಲು ಫೋನನ್ನು ಬೇಕೆಂದೇ ನನ್ನ ಕಣ್ಣಿಗೆ ಬೀಳುವ ಹಾಗೆ ಇಡುತ್ತಿದ್ದಳಂತೆ, ಅದೂ ಚಾರ್ಜು ತುಂಬಿಸಿ. ಅಂಗಡಿಯಿಂದ ಬಂದ ದಿನ ಒಂದು ಮಾತೂ ದೂರಲಿಲ್ಲವಂತೆ. ಆ ಬೂದು ಬಣ್ಣದ ಮಿಷನ್ನಿಗೂ ಬಸ್ಸಿನ ಆಟ ಹಾಕಿಸಿದ್ದಾಳಂತೆ. ಅದರ ಶಕ್ತಿಗೆ ಅದು ಎಳೆದುಕೊಂಡು ಎಳೆದುಕೊಂಡು ಹೋಗುತ್ತದಂತೆ. ಮಾವನಿಗೆ ಹೇಗೆ ತೋರಿಸಲಿ, ಬೇಜಾರು ಮಾಡಿಕೊಂಡಾರು ಎಂದು ಸುಮ್ಮನಿದ್ದಾಳಂತೆ.

ಬೇಜಾರು ನನಗಾದೀತೆಂದು. ಇಡೀ ಅಂಗಡಿಯ ಎದುರಿಗೆ ನನ್ನ ಚಟವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು, ಇದು ನಿಮಗೇ ಅಲ್ಲವೇ ಮಾವ ಎಂಬ ಒಂದು ಮಾತು ಬಾಯಿಯ ತುದಿಗೆ ಬಂದಿದ್ದರೂ ನುಂಗಿಕೊಂಡಳು. ನಾನು ಏನು ಮಾಡಿದೆ? ಹೊತ್ತುಕೊಂಡವಳ ಮೇಲೆ ಇನ್ನೊಂದು ಮೂಟೆ ಹೇರಿದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಹೋದೆ. ನಮ್ಮಲ್ಲಿ ಮಾವ ಸೊಸೆಯನ್ನು ಕ್ಷಮೆ ಕೇಳಿದ್ದನ್ನು ನಾನು ಕಂಡಿಲ್ಲ. ಅದಕ್ಕೆ ಯಾವ ಮಾತು ಬಳಸಬೇಕೆಂಬುದೂ ತಿಳಿಯದು. ಮಠದಲ್ಲಿ ಅದಕ್ಕೊಂದು ಗಂಟೆ ಇರಲಿಲ್ಲ. ಕೊನೆಗೆ, ಆ ಮಿಷನ್ನು ಬದಲಾಯಿಸಿ ತರೋಣವೇ ಎಂದು ಕೇಳಿದೆ. ಬೇಡ ಮಾವ, ಬ್ಯಾಟ್ರಿ ಚೆನ್ನಾಗದೆ ಎಂದಳು. ಅಂಗಡಿಯಲ್ಲಿ ನಾನು ಅಂದದ್ದು ಎಂದು ಶುರುಮಾಡಿದೆ. ಅವಳು ತವೆಯ ಕಡೆ ತಿರುಗಿ, ರೊಟ್ಟಿ ಸೀಯ್ತದೆ ಮಾವ ಎಂದಳು. ರೊಟ್ಟಿ ಸೀಯುತ್ತಿರಲಿಲ್ಲ. ನನ್ನನ್ನು ಆ ಕಷ್ಟದಿಂದ ಪಾರು ಮಾಡಿದಳು, ಎರಡನೆಯ ಸಲ. ಫೋನು ಎಂದಿನ ಜಾಗದಲ್ಲಿ ಇತ್ತು. ಮುಟ್ಟಲಾಗಲಿಲ್ಲ.

ಬಾಗಿಲಿಗೆ ನಿಂತು ಆಡಿದ ಮಾತು ಅಡುಗೆಮನೆಯಲ್ಲೇ ಉಳಿಯುತ್ತದೆ. ಕೆಟ್ಟ ಮಾತು ಓಡಾಡುತ್ತಿದ್ದದ್ದು ನಿಲ್ದಾಣದಲ್ಲಿ. ಸಂಜೆ ಟೀ ಹೋಟೆಲಿಗೆ ಹೋದೆ. ಸಿದ್ದರಾಜು ಇದ್ದ, ಇನ್ನೂ ಹಲವರಿದ್ದರು. ಕೂರಲಿಲ್ಲ. ಕೂತರೆ ಹೇಳುವುದಿಲ್ಲವೆಂದು ಗೊತ್ತಿತ್ತು.

"ಸಿದ್ದರಾಜು, ಅವತ್ತು ಅಂಗಡೀಲಿ ನಾನ್ ಆಡಿದ್ದು ಸುಳ್ಳು. ನನ್ ಸೊಸೆ ಆಟ ಆಡಲ್ಲ. ಆಡೋನು ನಾನು."

ಲೋಟಗಳು ಅರ್ಧದಲ್ಲಿ ನಿಂತವು. ಯಾವ ಆಟವೆಂದು ಯಾರೋ ಕೇಳಿದರು. ಬಸ್ಸು ಓಡಿಸುವುದು ಎಂದೆ. ಯಾವ ರೂಟು ಎಂದು ಸಿದ್ದರಾಜು ಕೇಳಿದ, ಗಂಭೀರವಾಗಿಯೇ. ಊಟಿ ರೋಡಿನಂಥದ್ದು ಎಂದೆ. ಆಮೇಲೆ ಶುರುವಾಯಿತು ನೋಡಿ ನಗು. ನಾನು ಗದರಿದ್ದ ಒಬ್ಬೊಬ್ಬನೂ ತನ್ನ ಪಾಲಿನದನ್ನು ನಕ್ಕ. ಒಬ್ಬ ಲೈಸೆನ್ಸು ತೋರಿಸಿ ಎಂದ. ಒಬ್ಬ ತಿರುವಿನಲ್ಲಿ ಯಾವ ಗೇರು ಹಾಕುತ್ತೀರಿ ಎಂದ. ಗೇರು ತಾನೇ ಬೀಳುತ್ತದೆ ಎಂದು ನಾನು ನಿಜ ಹೇಳಿದೆ. ಅದಕ್ಕೆ ಇನ್ನೂ ನಕ್ಕರು. ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟುತ್ತೀರಾ ಎಂದು ಇನ್ನೊಬ್ಬ ಕೇಳಿದ. ಒಂದು ದಿನವೂ ಮುಟ್ಟಿಲ್ಲ ಎಂದೆ. ಆಗ ಹೋಟೆಲಿನವನೂ ಸೌಟು ಬಿಟ್ಟು ನಕ್ಕ.

ಸಿದ್ದರಾಜು ಮಾತ್ರ ನನ್ನನ್ನು ಬೆಂಚಿಗೆ ಕೂರಿಸಿ, ದನಿ ತಗ್ಗಿಸಿ ಹೇಳಿದ: "ಆ ಹೆಣ್ಮಗ ಬಸ್ಸಲ್ಲಿ ತಲೆ ತಗ್ಗಿಸ್ಕೊಂಡು ಕೂತಿದ್ದನ್ನ ನಾನೂ ನೋಡ್ದೆ ಕಣಣ್ಣ. ನೋಡಿದ್ರೂ ಎಲ್ರಿಗೂ ಹೇಳ್ಕೊಂಡು ನಗಾಡ್ಬುಟ್ಟೆ."

ಬೇರೆಯವರ ಹತ್ತಿರ ಹೋದ ರೈತ ತಿರುಗಿ ಬರಲಿಲ್ಲ. ಆಡಿದ ಮಾತನ್ನು ಪೂರ್ತಿ ವಾಪಸು ಕರೆಯುವ ಕಂಟ್ರೋಲರ್ ಇನ್ನೂ ಹುಟ್ಟಿಲ್ಲ. ಆದರೆ ಹೊಸ ಮಾತು ಹಳೆಯದರ ಬೆನ್ನು ಹತ್ತಿ ಓಡಿತು, ಅದು ಹೆಚ್ಚು ನಗು ತರುವಂಥದ್ದಾಗಿದ್ದರಿಂದ ಬೇಗ ಓಡಿತು. ಈಗ ನಾನು ಪೇಟೆಯಲ್ಲಿ ನಡೆದರೆ ಯಾರಾದರೂ ಹಿಂದಿನಿಂದ ಬಾಯಲ್ಲೇ ಹಾರ್ನು ಹೊಡೆಯುತ್ತಾರೆ. ತಿರುಗಿ ನೋಡುವುದಿಲ್ಲ. ಮಂಗಳನ ಕಿವಿಗೂ ಅದು ಬಿದ್ದಿದೆ. ಒಂದು ಸಂಜೆ ಅವಳು, ಕಚೇರಿ ಬಾಗಿಲು ಹಾಕಿದ ಮೇಲೆ ಮಳಿಗೆಗೆ ಬನ್ನಿ ಮಾವ, ಆಮೇಲೆ ನನಗೆ ಪ್ರಿಂಟು ತೆಗೆಯೋ ಕೆಲ್ಸ ಅಷ್ಟೇ ಇರ್ತದೆ ಎಂದಳು.

ಹೋದೆ. ಮಳಿಗೆಯ ಮೂಲೆಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟು ಕೊಟ್ಟಳು. ದೊಡ್ಡ ಪರದೆಯಲ್ಲಿ ಎಲ್ಲ ಸ್ಪಷ್ಟವಾಗಿ ಕಂಡಿತು, ಬಂಡೆ, ಪ್ರಪಾತ, ಮಂಜು. ಆದರೆ ಬಸ್ಸು ಎರಡು ಹೆಜ್ಜೆ ಹೋಗಿ ನಿಲ್ಲುತ್ತದೆ, ಬಿಕ್ಕಳಿಸುತ್ತದೆ, ಮತ್ತೆ ಎರಡು ಹೆಜ್ಜೆ. ಮೂರನೆಯ ಲ್ಯಾಪ್‌ಟಾಪು ಆಗಿದ್ದರೆ ನೀರಿನಂತೆ ಓಡುತ್ತಿತ್ತು. ಒಂದೊಂದು ಬಿಕ್ಕಳಿಕೆಗೂ ಆ ಅಂಗಡಿ, ಆ ಮಾತು, ಅವಳು ಕೈ ಹಿಂದೆ ತೆಗೆದದ್ದು ಕಣ್ಣಿಗೆ ಬರುತ್ತದೆ. ಬ್ಯಾಟರಿ ಅಂತೂ ಮುಗಿಯುವುದೇ ಇಲ್ಲ.

ಕಳೆದ ವಾರ ಹೀಗೆ ಕೂತಿದ್ದಾಗ ಸಿದ್ದರಾಜು ತನ್ನ ತಮ್ಮಂದಿರನ್ನು ಕರೆದುಕೊಂಡು ಬಂದ. ವಿಭಾಗಪತ್ರ ಮಾಡಿಸಬೇಕಿತ್ತು. ಮಾರನೆಯ ದಿನಕ್ಕೆ ಏನೇನು ತರಬೇಕೆಂದು ಮಂಗಳ ಹೇಳುತ್ತಿದ್ದಳು. ಅವನು ಕೇಳುತ್ತ ಕೇಳುತ್ತ ನನ್ನ ಬೆನ್ನ ಹಿಂದೆ ಬಂದು ಪರದೆ ನೋಡುತ್ತ ನಿಂತ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

"ಇದೇನಣ್ಣ ಇಂಗೆ ಓಯ್ತದೆ? ಡೀಸೆಲ್‌ನಾಗೆ ನೀರು ಸೇರಿರಂಗದೆ. ಯಾರಣ್ಣ ಕೊಟ್ಟೋರು ನಿಂಗೆ ಇಂತಾ ಗಾಡಿಯ?"

ಪ್ರಿಂಟರಿನ ಮೇಲೆ ಬಗ್ಗಿದ್ದ ಮಂಗಳ, ಹಾಳೆ ಸರಿಮಾಡುತ್ತ, ತಲೆ ಎತ್ತದೆ ಹೇಳಿದಳು:

"ಚೆನ್ನಾಗಿರೋ ಗಾಡಿನೂ ಇತ್ತು ಸಿದ್ದರಾಜಣ್ಣ. ಇದ ಮಾವ್ನೋರೇ ಆರಿಸಿದ್ದು. ಇನ್ನೊಂದು ಬೇಡ ಅಂತ ಅಂಗಡಿಯೆಲ್ಲಾ ಕೇಳಂಗೆ ಹೇಳುದ್ರು."

ಮದುವೆಯಾಗಿ ಬಂದಂದಿನಿಂದ ಅವಳು ನನಗೆ ಎದುರು ಆಡಿದ ಮೊದಲ ಮಾತು ಅದು. ಸಿದ್ದರಾಜು ಗೊಳ್ಳೆಂದು ನಕ್ಕ, ತಮ್ಮಂದಿರೂ ನಕ್ಕರು. ನಡುವೆ ಮಂಗಳನ ನಗುವೂ ಕೇಳಿಸಿತು, ಸಣ್ಣದಾಗಿ, ತಡೆದು ತಡೆದು. ನನ್ನ ಕುತ್ತಿಗೆಯವರೆಗೂ ಬಿಸಿಯೇರಿತು. ತಿರುಗಿ ಅವಳ ಮುಖ ನೋಡಬೇಕೆನಿಸಿತು. ನೋಡಲಿಲ್ಲ. ಮುಂದೆ ತಿರುವಿತ್ತು.